ಬಾಯಿಗೆ ನಾಲ್ಕು ಬೆರಳು ದೂರ

ಪಾಪಕ್ಕನ ಬಲಗೈ ಬಾಯಿಗೆ ಇನ್ನೂ ಆರು ಬೆರಳು ದೂರವಿರುವಾಗಲೇ ನಿಂತುಬಿಡುತ್ತಿತ್ತು. ಎಂಟು ವರ್ಷದ ಹುಡುಗಿ. ಸಂಕ್ರಾಂತಿಗೆ ಬೂದಿಕೋಟೆಯ ಅಜ್ಜಿ ಮನೆಗೆ ಹೋದವಳು ಹುಲ್ಲಿನ ಬಣವೆಯಿಂದ ಜಾರಿ ಬಿದ್ದು ಮೊಣಕೈ ಮುರಿದುಕೊಂಡಿದ್ದಳು. ಊರಿನ ನಾಟಿ ವೈದ್ಯ ಬಿದಿರಿನ ದಬ್ಬೆ ಇಟ್ಟು, ಮೊಟ್ಟೆಯ ಬಿಳಿ ಸವರಿ ಕಟ್ಟು ಕಟ್ಟಿದ. ಮೂಳೆ ಚೆನ್ನಾಗಿಯೇ ಕೂಡಿತು. ತಪ್ಪು ನಡೆದದ್ದು ಊಟದ ತಟ್ಟೆಯ ಮುಂದೆ.

ಎಡಗೈಯಲ್ಲಿ ಅನ್ನ ಮುಟ್ಟಬಾರದೆಂದು ಅಜ್ಜಿ ನರಸಮ್ಮ ಕಟ್ಟಪ್ಪಣೆ ಮಾಡಿ ಮನೆಗೆ ಕಳಿಸಿದ್ದಳು. ಬಲಗೈಯೋ ಕಟ್ಟಿನೊಳಗೆ. ಹಾಗಾಗಿ ತಾಯಿ ಮುನಿಗಂಗಮ್ಮ ತುತ್ತು ಮಾಡಿ ಬಾಯಿಗಿಟ್ಟಳು. ಕಟ್ಟು ಬಿಚ್ಚಿದ ಮೇಲೂ ಇಟ್ಟಳು. ಮಗು ಒಮ್ಮೆ ಮುಖ ಕಿವುಚಿದರೆ ಸಾಕು, ತಟ್ಟೆ ತಾಯಿಯ ಮಡಿಲಿಗೆ ಬರುತ್ತಿತ್ತು. ಬೆಳಗಿನ ರೈಲಿಗೆ ಬಂಗಾರಪೇಟೆಗೆ ಹೋಗಿ, ಹುಣಸೆಹಣ್ಣಿನ ಮಂಡಿಯಲ್ಲಿ ದಿನವಿಡೀ ಬೀಜ ಬಿಡಿಸಿ, ದೀಪ ಹಚ್ಚುವ ಹೊತ್ತಿಗೆ ಮೈಸೂರು ಮೈನ್ಸಿನ ಗಣಿ ಕೆಲಸದವರ ಲೈನ್ ಮನೆಗೆ ಮರಳುವ ಹೆಂಗಸು ಅವಳು. ಮಗಳ ಜೊತೆ ಸಿಗುತ್ತಿದ್ದದ್ದು ಆ ಊಟದ ಗಳಿಗೆಯೊಂದೇ. ಹೀಗೆ ಎರಡು ತಿಂಗಳು ಕಳೆಯುವಷ್ಟರಲ್ಲಿ ಮೊಣಕೈ ತುಕ್ಕು ಹಿಡಿದ ಬಾಗಿಲಿನಂತಾಗಿತ್ತು.

ಗಣಿಯಲ್ಲಿ ಕೆಲಸಕ್ಕಿದ್ದ ಗಂಡ ಕೋದಂಡಪ್ಪ ಮಗಳನ್ನು ಆಸ್ಪತ್ರೆಗೆ ಕರೆದೊಯ್ದ. ಒಂದು ತಿಂಗಳು ನೋಡೋಣ ಎಂದರು ಡಾಕ್ಟರು. ಅಷ್ಟರಲ್ಲಿ ಕೈ ಬಾಯಿಗೆ ಎಟುಕದಿದ್ದರೆ ಅರಿವಳಿಕೆ ಕೊಟ್ಟು ಬಗ್ಗಿಸಬೇಕಾದೀತು. ಆಗಲೂ ಸರಿಹೋಗುತ್ತದೆಂದು ಮಾತು ಕೊಡಲಾರೆ ಎಂದರು.

ಆಸ್ಪತ್ರೆಯಲ್ಲಿ ಶಾಖ ಕೊಟ್ಟು ಕಸರತ್ತು ಮಾಡಿಸುವವನು ಪೆರುಮಾಳ್. ಬೆನ್ನು ಹಿಡಿದುಕೊಂಡ, ಭುಜ ಸೆಟೆದುಕೊಂಡ ಎಷ್ಟೋ ಗಂಡಸರನ್ನು ಮತ್ತೆ ಕೆಲಸಕ್ಕೆ ಕಳಿಸಿದವನು. ಅವನು ಕಾಯಿಸಿದ ಮೇಣವನ್ನು ಮೊಣಕೈಗೆ ಪದರಪದರವಾಗಿ ಬಳಿದು ಕಂಬಳಿ ಸುತ್ತುತ್ತಿದ್ದ. ಆರಿದ ಮೇಲೆ ಮೇಣ ಇಡಿಯಾಗಿ ಸುಲಿದು ಬರುವುದನ್ನು ನೋಡಲೆಂದೇ ಪಾಪಕ್ಕ ಬಿಸಿಯನ್ನು ತಡೆದುಕೊಳ್ಳುತ್ತಿದ್ದಳು. ಆಮೇಲೆ ಕಸರತ್ತು: ಮಡಿಸು, ಚಾಚು, ಅಂಗೈ ಮೇಲೆ, ಅಂಗೈ ಕೆಳಗೆ. ಕೊನೆಗೆ ಕೈ ಬಾಯಿಯ ಕಡೆಗೆ. ಉಳಿದ ದೂರವನ್ನು ಪೆರುಮಾಳ್ ತನ್ನ ಬೆರಳುಗಳನ್ನೇ ಅಡ್ಡವಿಟ್ಟು ಅಳೆಯುತ್ತಿದ್ದ. ಎಣ್ಣೆ ಹಚ್ಚಿ ಎಳೆದು ನೀವಿಸಬೇಕೆಂದು ನರಸಮ್ಮ ಹೇಳಿ ಕಳಿಸಿದ್ದಳು. ಪೆರುಮಾಳ್ ಅದನ್ನು ಕಟ್ಟುನಿಟ್ಟಾಗಿ ಬೇಡವೆಂದ. ಮೊಣಕೈಯನ್ನು ಜಗ್ಗಿದರೆ ಅದು ಇನ್ನಷ್ಟು ಮುನಿಸಿಕೊಳ್ಳುತ್ತದಂತೆ. ಮನೆಯಲ್ಲಿ ಅವಳೇ ಉಣ್ಣಲಿ, ಅದೇ ದೊಡ್ಡ ಔಷಧ ಎಂದ.

ಎರಡು ವಾರಕ್ಕೆ ಆರು ಬೆರಳು ನಾಲ್ಕಾಯಿತು. ಮೂರನೆಯ ವಾರ ನಾಲ್ಕು ನಾಲ್ಕಾಗಿಯೇ ಉಳಿಯಿತು.

ಮಂಡಿಗೆ ರಜೆ ಇದ್ದ ದಿನ ಮುನಿಗಂಗಮ್ಮನೇ ಮಗಳೊಡನೆ ಹೋದಳು. ಪೆರುಮಾಳ್ ಬೆರಳಿಟ್ಟು ಅಳೆದ. ಮತ್ತೊಮ್ಮೆ ಅಳೆದ. ಮಗುವನ್ನು ಏನೂ ಕೇಳಲಿಲ್ಲ, ತಾಯಿಯ ಮುಖ ನೋಡಿದ.

"ಮನೇಲಿ ಯಾರಮ್ಮಾ ಊಟ ಮಾಡೋದು? ಇವಳ ಕೈಯಾ, ನಿನ್ನ ಕೈಯಾ?"

ಮುನಿಗಂಗಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಸುಳ್ಳು ನಾಲಿಗೆಯ ತುದಿಯವರೆಗೂ ಬಂದಿತ್ತು.

"ನಾನೇ ಇಕ್ತೀನಣ್ಣ. ಇಡೀ ದಿನ ಬಿಟ್ಟು ಓಗಿರ್ತೀನಿ. ಅತ್ತುಬಿಟ್ರೆ ತಡಕೊಳ್ಳಕ್ಕಾಗಲ್ಲ."

"ನಾನೇನೂ ಯಾರ್ಗೂ ಏಳಿಲ್ಲ," ಎಂದು ಪಾಪಕ್ಕ ಪೆರುಮಾಳನಿಗೆ ಮೆಲ್ಲಗೆ ತಿಳಿಸಿದಳು.

"ನೀನು ಕೆಟ್ಟಿಕ್ಕಾರಿ ಕಣ್ಣು, ನನಗೆ ಗೊತ್ತು," ಎಂದು ಅವನು ತಮಿಳು ಬೆರೆಸಿ ಜಾಣೆಯೆಂದು ಹೊಗಳಿ ಅವಳ ಕೆನ್ನೆ ತಟ್ಟಿದ. ಬೈಗುಳಕ್ಕೆ ಕಾದಿದ್ದ ಮುನಿಗಂಗಮ್ಮನಿಗೆ ಬೈಗುಳ ಬೀಳಲಿಲ್ಲ. ಅವನು ಸ್ಟೂಲು ಎಳೆದು ಕೂತು, ಈ ಮಗು ಇನ್ನೊಂದು ಕಳ್ಳತನವನ್ನೂ ಮಾಡುತ್ತದೆ ಎಂದು ವಿವರಿಸಿದ. ಕೈ ಬಾಯಿಗೆ ಬಾರದಿದ್ದರೆ ಬಾಯನ್ನೇ ಕೈಗೆ ತಗ್ಗಿಸುತ್ತದೆ. ಹಾಗೆ ಉಂಡರೆ ಮೊಣಕೈಗೆ ಕೆಲಸವೇ ಇಲ್ಲ.

"ನಿನ್ನ ಕೈ ಸುಮ್ಮನಿರಲ್ಲ ಅಂತ ಗೊತ್ತಾಯ್ತು. ಬೇರೆ ಕೆಲಸ ಕೊಡ್ತೀನಿ. ಹಿಂದೆ ಕೂತ್ಕೋ. ಹಣೆ ಹಿಡ್ಕೋ. ತಲೆ ಬಗ್ಗೋಕೆ ಬಿಡಬೇಡ. ಅಷ್ಟೇ, ಬೇರೆ ಏನೂ ಮಾಡಬೇಡ."

ಆ ಮಧ್ಯಾಹ್ನವೇ ಅವಳು ಮುದ್ದೆ ತೊಳಸಿದಳು. ಬಿಸಿ ಸೊಪ್ಪಿನ ಸಾರು ಬಡಿಸಿ, ತಟ್ಟೆಯ ಮುಂದೆ ಉಪ್ಪಿನ ಬಟ್ಟಲಿಟ್ಟು, ಮಗಳ ಬೆನ್ನ ಹಿಂದೆ ಕಾಲು ಚಾಚಿ ಕೂತು, ಎರಡೂ ಅಂಗೈಯನ್ನು ಅವಳ ಹಣೆಗೆ ಕೊಟ್ಟಳು. ಅಂಗೈಗೆ ಹಣೆ ಬೆಚ್ಚಗೆ ತಾಗಿತು. ಪಾಪಕ್ಕ ಮುದ್ದೆ ಮುರಿದದ್ದು, ಸಾರಿಗೆ ಅದ್ದಿದ್ದು ಭುಜದ ಅಲುಗಾಟದಲ್ಲೇ ತಿಳಿಯಿತು. ಆಮೇಲೆ ತಲೆ ಮುಂದಕ್ಕೆ ಒತ್ತತೊಡಗಿತು. ಮುನಿಗಂಗಮ್ಮ ಬಿಡಲಿಲ್ಲ.

"ಬರಲ್ಲ ಅಮ್ಮ."

ತಾಯಿ ಹಣೆಯನ್ನು ಇನ್ನಷ್ಟು ಭದ್ರವಾಗಿ ಹಿಡಿದಳು. ಮಾತಾಡಿದರೆ ತನ್ನ ಕೈ ತಟ್ಟೆಗೆ ಇಳಿಯುತ್ತದೆಂದು ಅವಳಿಗೆ ಗೊತ್ತಿತ್ತು. ಮೊದಲ ತುತ್ತು ಲಂಗದ ಮೇಲೆ ಬಿತ್ತು, ಎರಡನೆಯದು ಗಲ್ಲಕ್ಕೆ ಮೆತ್ತಿತು. ಮಗಳು ಬಿಕ್ಕಿದಳು. ತಾಯಿ ಮುಖವನ್ನು ಆ ಪುಟ್ಟ ಜಡೆಗೆ ಒತ್ತಿಕೊಂಡು, ತನ್ನ ಕಣ್ಣನ್ನು ಅಲ್ಲೇ ಒರೆಸಿಕೊಂಡಳು. ಸಾರು ಆರಿ ತಣ್ಣಗಾಯಿತು. ಪಕ್ಕದ ಮನೆಯ ರೇಡಿಯೊದಲ್ಲಿ ವಾರ್ತೆ ಶುರುವಾಗಿ ಮುಗಿಯಿತು.

ಎಷ್ಟನೆಯ ಸಲವೋ ಏನೋ, ಬಿಗಿದಿದ್ದ ಭುಜ ಒಮ್ಮೆ ನಡುಗಿತು. ಹಣೆ ಮುಂದಕ್ಕೆ ಒತ್ತಲಿಲ್ಲ; ಹಿಂದಕ್ಕೆ ಒರಗಿ ತಾಯಿಯ ಎದೆಗೆ ತಾಗಿ ನಿಂತಿತು. ಮುದ್ದೆಯನ್ನು ಅಗಿಯುವುದಿಲ್ಲವಲ್ಲ. 'ಗುಟುಕ್' ಎಂದು ಗಂಟಲಲ್ಲಿ ಇಳಿದದ್ದು ಮುನಿಗಂಗಮ್ಮನ ಕಿವಿಗೆ ಬಿತ್ತು. ಇನ್ನೊಮ್ಮೆ ಗುಟುಕ್.

"ಅಮ್ಮಾ, ಸಾರಿಗೆ ಉಪ್ಪೇ ಇಲ್ಲ."

ಉಪ್ಪು ಹಾಕಲು ಅರ್ಧ ಎದ್ದ ಮುನಿಗಂಗಮ್ಮ ಮತ್ತೆ ಕೂತಳು.

"ಮುಂದೇನೇ ಐತಲ್ಲ ಕಣವ್ವ. ಆಕ್ಕೊ, ನೀನೇ."