ಮೂರು ಸುತ್ತಿನ ತೀರ್ಮಾನ

ಹೊಸ ಗೇಮ್ ಕನ್ಸೋಲ್ ಕೊಳ್ಳಬೇಕೋ ಬೇಡವೋ ಎಂದು ಲಿಫ್ಟ್ ಮೆಕ್ಯಾನಿಕ್ ಒಂದು ವಾರದಿಂದ ತಲೆ ಕೆಡಿಸಿಕೊಂಡಿದ್ದ. ನಲವತ್ತು ದಾಟಿದ ಗಂಡಸು, ಬೆರಳ ಸಂದಿಯಲ್ಲೆಲ್ಲ ಗ್ರೀಸಿನ ಕಪ್ಪು. ಊಟದ ಬಿಡುವಿನಲ್ಲಿ ಡಬ್ಬಿ ತೆರೆಯುವುದನ್ನೂ ಮರೆತು, ಹಳೆಯದಕ್ಕಿಂತ ಹೊಸದು ಎಷ್ಟು ವಾಸಿ ಎಂದು ಹೇಳುವ ವಿಡಿಯೊಗಳನ್ನು ಒಂದಾದ ಮೇಲೊಂದು ನೋಡುತ್ತಿದ್ದ. ಚಿತ್ರ ಕಣ್ಣಿಗೆ ಕಟ್ಟಿದ ಹಾಗಿರುತ್ತದಂತೆ, ಆಟ ಶುರುವಾಗಲು ಕಾಯಬೇಕಿಲ್ಲವಂತೆ, ಒಳಗಿನ ಫ್ಯಾನು ಸದ್ದೇ ಮಾಡುವುದಿಲ್ಲವಂತೆ. ಒಬ್ಬ ‘ಕಣ್ಣು ಮುಚ್ಚಿಕೊಂಡು ತಗೊಳ್ಳಿ’ ಎಂದರೆ ಇನ್ನೊಬ್ಬ ‘ಒಂದು ವರ್ಷ ತಡೀರಿ, ಬೆಲೆ ಇಳಿಯುತ್ತೆ’ ಎನ್ನುತ್ತಿದ್ದ. ಒಂದು ವರ್ಷವಂತೆ! ಇವನ ಹತ್ತಿರ ಉಳಿದಿದ್ದದ್ದು ಹನ್ನೊಂದು ದಿನ.

ಯಾಕೆಂದರೆ ಹಿಂದಿನ ಭಾನುವಾರ ಒಗೆದ ಬಟ್ಟೆ ಮಡಿಸುತ್ತ ಅವನ ಹೆಂಡತಿ, ನಾಳೆ ಹಾಲು ತರಬೇಕು ಅನ್ನುವಷ್ಟೇ ಸಲೀಸಾಗಿ ಹೇಳಿಬಿಟ್ಟಿದ್ದಳು.

“ಅಕ್ಕನ ಮನೆ ಮೇಲಿನ ರೂಮು ಖಾಲಿ ಆಗಿದೆ ರೀ. ಈ ತಿಂಗಳು ಮುಗಿದ ಮೇಲೆ ನಾನು ಅಲ್ಲಿರ್ತೀನಿ.”

“ಎಷ್ಟು ದಿನ?”

“ದಿನ ಅಂತ ಏನಿಲ್ಲ. ಅಲ್ಲೇ ಇರ್ತೀನಿ.”

ಅಷ್ಟೇ. ಅಳಲಿಲ್ಲ, ದನಿ ಏರಿಸಲಿಲ್ಲ, ಅವನ ಅಂಗಿಗಳನ್ನು ಎಂದಿನಂತೆ ಕಾಲರ್ ಸರಿಮಾಡಿ ಕಪಾಟಿನಲ್ಲಿಟ್ಟಳು. ಅವಳು ಕೂಗಾಡಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಜಗಳಕ್ಕಾದರೆ ಆ ಮನೆಯಲ್ಲಿ ಒಂದು ಪದ್ಧತಿ ಇತ್ತು.

ಪದ್ಧತಿ ಹುಟ್ಟಿದ್ದು ಹದಿನಾಲ್ಕು ವರ್ಷದ ಹಿಂದೆ, ಮದುವೆಯಾದ ಹೊಸದರಲ್ಲಿ. ಕಪಾಟನ್ನು ಯಾವ ಗೋಡೆಗೆ ಇಡಬೇಕೆಂದು ಇಬ್ಬರಿಗೂ ಬೆಳಗಿನಿಂದ ಸಂಜೆಯವರೆಗೆ ಹಗ್ಗಜಗ್ಗಾಟ ನಡೆದಿತ್ತು. ಯಾವುದೋ ಅಪಾರ್ಟ್‌ಮೆಂಟಿನವರು ಬೇಡವೆಂದು ಕೊಟ್ಟ ಹಳೆಯ ಕನ್ಸೋಲೊಂದು ಅವನ ಹತ್ತಿರ ಇತ್ತು. “ಸಾಕು ಕಣೇ, ಮೂರು ಸುತ್ತು ಕಾರು ಓಡ್ಸೋಣ. ಗೆದ್ದೋರು ಹೇಳಿದ ಗೋಡೆ” ಎಂದ. ಅವಳು ಅದುವರೆಗೆ ಅಂಥದ್ದನ್ನು ಕೈಯಲ್ಲಿ ಹಿಡಿದವಳಲ್ಲ. ಆದರೆ ಅವಳು ಕೆಲಸ ಮಾಡುತ್ತಿದ್ದದ್ದು ಕಟ್ಟುಹಲ್ಲು ಮಾಡುವ ಲ್ಯಾಬಿನಲ್ಲಿ. ಕೂದಲೆಳೆಯಷ್ಟು ಮೇಣ ಕೆತ್ತಿ ಕೆತ್ತಿ ಪಳಗಿದ ಬೆರಳು. ಮೂರನೆಯ ಸುತ್ತಿನಲ್ಲಿ ಅವನನ್ನು ಬೆಟ್ಟದ ತಿರುವಿನಲ್ಲಿ ಹಿಂದೆ ಹಾಕಿ ಗೆದ್ದೇಬಿಟ್ಟಳು. ಕಪಾಟು ಇವತ್ತಿಗೂ ಅವಳು ಹೇಳಿದ ಗೋಡೆಗೇ ಇದೆ.

ಅಲ್ಲಿಂದಾಚೆಗೆ ಅದೇ ಕಾನೂನಾಯಿತು. ಅದೇ ಆಟ, ಅದೇ ಬೆಟ್ಟದ ರಸ್ತೆ, ಮೂರೇ ಸುತ್ತು. ಗೆದ್ದವರ ಮಾತು ನಡೆಯಬೇಕು, ಸೋತವರು ಆ ಮಾತನ್ನು ಮತ್ತೆ ಎತ್ತಬಾರದು. ಗೋಡೆಯ ಬಣ್ಣ, ಪಾತ್ರೆ ತೊಳೆಯುವ ಪಾಳಿ, ಕೈಸಾಲ ಕೇಳಲು ಬರುವ ಅವನ ಚಿಕ್ಕಪ್ಪನಿಗೆ ಊಟ ಹಾಕಬೇಕೋ ಕಾಫಿಗೇ ಮುಗಿಸಬೇಕೋ, ಎಲ್ಲವೂ ಸೋಫಾದ ಮೇಲೆ ತೀರ್ಮಾನವಾಗುತ್ತಿತ್ತು. ಬೇರೆ ಹೊತ್ತಿನಲ್ಲಿ ‘ನೀವು, ರೀ’ ಎನ್ನುವವಳು ಆಟಕ್ಕೆ ಕೂತರೆ ಸಾಕು, “ಏಯ್ ಕಳ್ಳಾ, ಪಕ್ಕಕ್ಕೆ ಹೋಗೋ” ಎಂದು ಮೊಣಕೈಯಲ್ಲಿ ತಿವಿಯುತ್ತಿದ್ದಳು. ಆ ‘ಹೋಗೋ’ ಕೇಳುವುದಕ್ಕೆಂದೇ ಅವನು ಎಷ್ಟೋ ಸಲ ಇಲ್ಲದ ತಕರಾರು ತೆಗೆದದ್ದುಂಟು. ಎಂಟು ತಿಂಗಳ ಹಿಂದೆ ಆ ಕನ್ಸೋಲ್ ಕಣ್ಣು ಮುಚ್ಚಿತು. ಅವನೇ ಬಿಚ್ಚಿದ, ಧೂಳು ಊದಿದ, ಬೆಸುಗೆ ಹಾಕಿದ, ಬಯ್ದ, ಪ್ರಯೋಜನವಾಗಲಿಲ್ಲ.

ಲಿಫ್ಟು ಕೆಟ್ಟಿದೆ ಎಂದು ಕರೆ ಬಂದರೆ ಅವನು ವಾಚ್‌ಮನ್‌ಗೆ ಕೇಳುವ ಮೊದಲ ಪ್ರಶ್ನೆ, ‘ಯಾವಾಗಿಂದ?’ ಯಾವಾಗಿಂದ ಎಂದು ತಿಳಿದರೆ ಯಾವ ಪಾರ್ಟು ಎಂದು ತಿಳಿಯುತ್ತದೆ, ಪಾರ್ಟು ತಿಳಿದರೆ ಬದಲಾಯಿಸಿದರಾಯಿತು. ಮನೆಗೂ ಅದೇ ಪ್ರಶ್ನೆ ಹಾಕಿಕೊಂಡ. ಯಾವಾಗಿಂದ? ಎಂಟು ತಿಂಗಳಿಂದ. ಯಾವ ಪಾರ್ಟು? ಕನ್ಸೋಲು. ಲೆಕ್ಕ ಎಷ್ಟು ಚೆನ್ನಾಗಿ ಹೊಂದಿಕೊಂಡಿತೆಂದರೆ ಅವನಿಗೆ ಆ ರಾತ್ರಿ ನಿದ್ದೆ ಕೂಡ ಬಂತು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು, ಪುಣ್ಯಾತ್ಮ ತಾನಾಗಿ ಬಾಯಿ ಬಿಡುವವನಲ್ಲ. ಮೂರು ವರ್ಷದ ಹಿಂದೆ ಅವಳ ಲ್ಯಾಬಿನವರು ಬೇರೆ ಊರಿನಲ್ಲಿ ಇನ್ನೊಂದು ಬ್ರಾಂಚು ತೆರೆದರು. ನಡೆಸುವುದಕ್ಕೆ ಇವಳನ್ನೇ ಕರೆದರು. ಅವಳದೇ ಮೇಜು, ಅವಳ ಕೈಕೆಳಗೆ ಆರು ಜನ, ಬಾಗಿಲ ಮೇಲೆ ಅವಳ ಹೆಸರು. ಮನೆಗೆ ಬಂದು ಹೇಳುವಾಗ ಅವಳ ಕಾಲು ನೆಲದ ಮೇಲಿರಲಿಲ್ಲ. ಅವನಿಗೆ ಊರು ಬಿಡುವುದು ಬೇಕಿರಲಿಲ್ಲ. ಬೇಡ ಎಂದು ನೇರವಾಗಿ ಹೇಳಿದ್ದರೆ ಗಂಡಸು ಅನ್ನಬಹುದಿತ್ತು. “ಮುಂದಿನ ಭಾನುವಾರ ಆಟದಲ್ಲೇ ತೀರ್ಮಾನ ಮಾಡೋಣ” ಎಂದ. ಆಮೇಲೆ ಏನು ಮಾಡಿದ ಗೊತ್ತೇ? ಇಡೀ ವಾರ ಮಧ್ಯಾಹ್ನ ಮಧ್ಯಾಹ್ನ ಕೆಲಸ ತಪ್ಪಿಸಿ ಮನೆಗೆ ಬಂದು, ಅವಳಿಲ್ಲದಾಗ, ಆ ಬೆಟ್ಟದ ರಸ್ತೆಯಲ್ಲಿ ಒಬ್ಬನೇ ಕಾರು ಓಡಿಸಿ ಓಡಿಸಿ ಕೈ ಕುದುರಿಸಿಕೊಂಡ. ಭಾನುವಾರ ಅವಳು ಸೋತಳು. ಬ್ರಾಂಚಿಗೆ ಅವಳ ಪಕ್ಕದ ಮೇಜಿನವಳು ಹೋದಳು. ಕೈ ಕುದುರಿಸಿಕೊಳ್ಳಬಾರದು ಅಂತ ಕಾನೂನಿನಲ್ಲಿ ಎಲ್ಲಿದೆ ಎಂದು ಅವನು ತನಗೆ ತಾನೇ ಹೇಳಿಕೊಂಡ. ಮೂರು ವರ್ಷದಲ್ಲಿ ಬಹಳ ಸಲ ಹೇಳಿಕೊಂಡಿದ್ದ.

ಗುರುವಾರ ಹನ್ನೆರಡು ಮಹಡಿಯ ಕಟ್ಟಡವೊಂದರ ತಾರಸಿಯ ಮೇಲಿನ ಮಷಿನ್ ರೂಮಿನಲ್ಲಿ ಅವನ ಜೊತೆ ಶಾಫ್ಟಣ್ಣ ಇದ್ದ. ಮೂವತ್ತು ವರ್ಷ ಲಿಫ್ಟು ಓಡುವ ಶಾಫ್ಟಿನ ಬಾವಿಯಲ್ಲೇ ಆಯಸ್ಸು ಸವೆಸಿದ ಹಿರಿಯ ಮೆಕ್ಯಾನಿಕ್ಕಿಗೆ ಎಲ್ಲರೂ ಇಟ್ಟ ಹೆಸರು ಅದು.

“ಏನಯ್ಯಾ, ಬೆಳಗ್ಗೆಯಿಂದ ಆ ಮೊಬೈಲಲ್ಲೇ ಬಿದ್ದಿದೀಯ?”

“ಅಣ್ಣಾ, ಹೊಸ ಗೇಮಿನ ಪೆಟ್ಟಿಗೆ ಬಂದಿದೆಯಲ್ಲ. ತಗೊಳ್ಳೋದೋ ಬೇಡ್ವೋ ಅಂತ.”

“ತಲೆಗಿಲೆ ಕೆಟ್ಟಿದ್ಯಾ ನಿಂಗೆ? ಈ ವಯಸ್ಸಲ್ಲಿ ಆಟದ ಸಾಮಾನು! ಮದುವೆಗೂ ನೀನು ಇಷ್ಟು ಯೋಚನೆ ಮಾಡಿರ್ಲಿಲ್ವಲ್ಲೋ!”

“ಅವಳಿಗೋಸ್ಕರ ಅಣ್ಣಾ. ತಿಂಗಳ ಕೊನೆಗೆ ಅಕ್ಕನ ಮನೆಗೆ ಹೊರಟುಹೋಗ್ತೀನಿ ಅಂತಿದಾಳೆ. ಪೂರ್ತಿಯಾಗಿ.”

ಶಾಫ್ಟಣ್ಣನ ನಗು ನಿಂತಿತು. “ಅವಳು ಕೇಳಿದ್ಲಾ ಈ ಪೆಟ್ಟಿಗೇನ?”

“ಕೇಳ್ಲಿಲ್ಲ. ಆದ್ರೆ ಹಳೇದು ನಿಂತ ದಿನದಿಂದ್ಲೇ ಮನೇಲಿ ಮಾತು ನಿಂತಿದ್ದು. ಯಾವಾಗಿಂದ ಅಂತ ಮೊದ್ಲು ನೋಡು ಅಂತ ನೀನೇ ಅಲ್ವಾ ಕಲಿಸಿದ್ದು?”

ಶಾಫ್ಟಣ್ಣ ಹಳೆಯ ಬನಿಯನ್ ತುಂಡಿನಲ್ಲಿ ಕೈ ಒರೆಸಿಕೊಂಡ. “ಲಿಫ್ಟು ನಿಂತ ದಿನವೇ ಕೆಟ್ಟಿರಲ್ಲ ಕಣೋ. ರೋಪು ಅದಕ್ಕೂ ಎಷ್ಟೋ ಮೊದ್ಲಿಂದ ಸವೀತಾ ಇರುತ್ತೆ. ಹೋಗಿ ಅವಳ ಮುಂದೆ ಕೂತ್ಕೊಂಡು ಏನಾಯ್ತೇ ಅಂತ ಕೇಳು. ಪೆಟ್ಟಿಗೆ ಗಿಟ್ಟಿಗೆ ಆಮೇಲೆ.”

ಕೇಳಬಹುದಿತ್ತು. ಕೇಳಿದರೆ ಅವಳು ಹೇಳಿಬಿಟ್ಟರೆ? ಅದೇ ಭಯ. ಅವನು ಆ ಸಂಜೆ ಮನೆಗೆ ಹೋಗಿ ಕೇಳಿದ್ದು ಬೇರೆಯದೇ. “ಶನಿವಾರ ಮಧ್ಯಾಹ್ನ ನನ್ನ ಜೊತೆ ಅಂಗಡಿಗೆ ಬರ್ತೀಯಾ? ಹೊಸ ಕನ್ಸೋಲ್ ನೋಡೋಣ. ನೀನು ತಗೊಳ್ಳಿ ಅಂದ್ರೆ ತಗೊಳ್ಳೋದು, ಇಲ್ಲಾಂದ್ರೆ ಬಿಡೋದು.”

ಅವಳು ಸ್ವಲ್ಪ ಹೊತ್ತು ಅವನ ಮುಖವನ್ನೇ ನೋಡಿದಳು. “ಸರಿ, ಬರ್ತೀನಿ” ಎಂದಳು. ಅವನಿಗೆ ಹೋದ ಜೀವ ಬಂದ ಹಾಗಾಯಿತು.

ಅಂಗಡಿ ಎರಡನೆಯ ಮಹಡಿಯಲ್ಲಿತ್ತು. ಅವಳು ಲ್ಯಾಬಿನಿಂದ ನೇರವಾಗಿ ಬಂದಿದ್ದಳು, ತೋಳಿನ ಅಂಚಿಗೆ ಪ್ಲಾಸ್ಟರಿನ ಬಿಳಿ ಪುಡಿ ಮೆತ್ತಿಕೊಂಡಿತ್ತು. ಸೇಲ್ಸ್‌ಮನ್ ಬಾಯಿಗೆ ಬಿಡುವೇ ಕೊಡದವನು. “ಬನ್ನಿ ಸಾರ್, ಬನ್ನಿ ಮೇಡಂ, ಇದನ್ನ ಒಂದ್ಸಲ ಮುಟ್ಟಿದ್ರೆ ಹಳೇದರ ಮುಖ ನೋಡಲ್ಲ ನೀವು. ಹಳೇ ಡಿಸ್ಕ್ ಇದ್ರಲ್ಲಿ ಹಾಕೋಕಾಗಲ್ಲ, ಆದ್ರೆ ನಿಮ್ಮ ಕಾಲದ ಆಟಗಳೆಲ್ಲ ಹೊಸದಾಗಿ ಬಂದಿವೆ.” ಅವರ ಕಾರಿನ ಆಟವೂ ಬಂದಿತ್ತು, ಅದೇ ಬೆಟ್ಟದ ರಸ್ತೆಯ ಸಮೇತ. ಈಗ ರಸ್ತೆಯ ಪಕ್ಕದ ಹುಲ್ಲು ಕೂಡ ಗಾಳಿಗೆ ಅಲ್ಲಾಡುತ್ತಿತ್ತು. ಗೋಡೆಯ ಅಗಲದ ಟಿವಿಯ ಮುಂದೆ ಇಬ್ಬರಿಗೂ ಒಂದೊಂದು ಕುರ್ಚಿ ಹಾಕಿ, ಆಡಿ ನೋಡಿ ಎಂದು ಹೇಳಿ, ಸೇಲ್ಸ್‌ಮನ್ ಇನ್ನೊಬ್ಬ ಗಿರಾಕಿಯ ಕಡೆಗೆ ಹೋದ.

ಮೊದಲನೆಯ ಸುತ್ತು ಇಬ್ಬರೂ ಅಪರಿಚಿತರಂತೆ ಓಡಿಸಿದರು. ಎರಡನೆಯ ಸುತ್ತಿನಲ್ಲಿ ಅವಳ ಬೆರಳಿಗೆ ಹಳೆಯ ಚುರುಕು ಬಂತು. ತುಟಿ ಕಚ್ಚಿಕೊಂಡಳು, ಮುಂದಕ್ಕೆ ಬಾಗಿದಳು, ಅವನ ಕಾರು ಅಡ್ಡ ಬಂದಾಗ ಮೈಮರೆತು, “ಏಯ್, ದಾರಿ ಬಿಡೋ!” ಎಂದುಬಿಟ್ಟಳು. ದೇವರೇ, ಬಿಡೋ ಅಂದಳು! ಸಿಕ್ಕಿತು, ಪಾರ್ಟು ಸಿಕ್ಕಿತು ಎಂದುಕೊಂಡ. ಇನ್ನೊಂದು ಸುತ್ತು, ಇವಳು ಗೆಲ್ಲಲಿ, ಏನು ಬೇಕೋ ಕೇಳಲಿ, ಕೊಟ್ಟುಬಿಡುತ್ತೇನೆ ಎಂದುಕೊಂಡ. ಮೂರನೆಯ ಸುತ್ತಿನ ಕೊನೆಯ ತಿರುವಿನಲ್ಲಿ ಅವನು ಮುಂದಿದ್ದ. ಯಾರಿಗೂ ಕಾಣದಂತೆ ಬೆರಳು ಸಡಿಲಿಸಿದ.

ಅವಳ ಕಾರು ಅವನನ್ನು ದಾಟಿತು. ಗೆಲ್ಲುವ ಗೆರೆ ಇನ್ನೇನು ನಾಲ್ಕು ಮಾರು ಇದೆ ಅನ್ನುವಾಗ ಅವಳು ಬ್ರೇಕು ಒತ್ತಿ ನಿಲ್ಲಿಸಿದಳು. ಹಿಂದಿನಿಂದ ಬಂದ ಅವನೂ ನಿಂತ. ಕಂಪ್ಯೂಟರ್ ಓಡಿಸುವ ಉಳಿದ ಕಾರುಗಳು ಎರಡೂ ಪಕ್ಕದಿಂದ ರೊಯ್ಯನೆ ಹೋಗಿ ಗೆರೆ ದಾಟಿದವು.

“ಯಾಕೆ ನಿಲ್ಲಿಸ್ದೆ?”

“ನೀವು ಯಾಕೆ ಬಿಟ್ರಿ?”

“ಬಿಡ್ಲಿಲ್ಲ ಕಣೇ. ಕೈ ಜಾರ್ತು.”

“ಆ ತಿರುವಲ್ಲಿ ನಿಮ್ಮ ಕೈ ಜಾರಲ್ಲ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನನ್ನು ಹೆದರಿಸಿತು. “ಅವತ್ತು ನಾನು ಸೋತ ಮೇಲೆ ನೀವು ಸ್ನಾನಕ್ಕೆ ಹೋದ್ರಿ. ನಾನು ಆಟದ ಟೈಮಿಂಗಿನ ಪಟ್ಟಿ ತೆಗೆದು ನೋಡ್ದೆ. ಒಂದೇ ವಾರದಲ್ಲಿ ಅರವತ್ತು ಸಲ ಓಡ್ಸಿದ್ರಿ. ಎಲ್ಲಾ ಮಧ್ಯಾಹ್ನದ್ದೇ. ತಾರೀಖು, ಗಂಟೆ, ಎಲ್ಲಾ ಇತ್ತು.”

ಮೂರು ವರ್ಷ ಪಕ್ಕಪಕ್ಕ ಊಟಕ್ಕೆ ಕೂತು, ಒಂದೇ ಸೋಫಾದಲ್ಲಿ ಆಡಿ, ನಕ್ಕು, ತಿವಿದು, ಅಷ್ಟೂ ದಿನ ಇವಳಿಗೆ ಗೊತ್ತಿತ್ತು. ಎಲ್ಲಾದರೂ ಅಡಗಿಕೊಳ್ಳೋಣವೆಂದರೆ ಎದುರಿಗೆ ಅಷ್ಟು ದೊಡ್ಡ ಟಿವಿ ಉರಿಯುತ್ತಿತ್ತು.

“ಗೊತ್ತಿದ್ರೆ ಒಂದು ಮಾತು ಯಾಕೆ ಕೇಳ್ಲಿಲ್ಲ ನೀನು?”

“ಸೋತೋರು ಮತ್ತೆ ಆ ಮಾತು ಎತ್ತಬಾರದು ಅಂತಲ್ವಾ ರೀ ಇದ್ದದ್ದು?” ಎಂದಳು. “ನೀವಾಗಿ ಹೇಳ್ತೀರೇನೋ ಅಂತ ಕಾದೆ. ತುಂಬಾ ದಿನ ಕಾದೆ. ಆಮೇಲೆ ಹಳೇದು ಕೆಟ್ಟುಹೋಯ್ತು ನೋಡಿ, ಅವತ್ತು ಒಂಥರಾ ನಿರಾಳ ಆಯ್ತು ನಂಗೆ. ಇನ್ನು ಆಡೋದು ಬೇಡವಲ್ಲ ಅಂತ.”

“ತಪ್ಪಾಯ್ತು ಕಣೇ. ಈಗ್ಲೂ ಹೋಗೋಣ. ನಾನು ಕೆಲಸ ಬಿಡ್ತೀನಿ. ಆ ಬ್ರಾಂಚಲ್ಲಿ ಕೇಳಿ ನೋಡು.”

“ಅಲ್ಲಿರೋಳು ಚೆನ್ನಾಗಿ ನಡೆಸ್ತಿದಾಳೆ. ಅವಳನ್ನ ಯಾಕೆ ಎಬ್ಬಿಸ್ಬೇಕು?” ಅವಳು ಕೈಯಲ್ಲಿದ್ದ ಕಂಟ್ರೋಲರನ್ನು ಮೇಜಿನ ಮೇಲಿಟ್ಟು ತೋಳಿನ ಪುಡಿಯನ್ನು ಕೊಡವಿದಳು. “ನಂಗೆ ಈಗ ನಿಮ್ಮ ಮೇಲೆ ಕೋಪ ಇಲ್ಲ. ಅದು ಇದ್ದಾಗ ಚೆನ್ನಾಗಿತ್ತು, ಇದ್ದಾಗ ನಮ್ಮ ಮಧ್ಯೆ ಏನೋ ಒಂದು ಇತ್ತು.”

ಅಷ್ಟರಲ್ಲಿ ಸೇಲ್ಸ್‌ಮನ್ ಕೈ ಉಜ್ಜಿಕೊಳ್ಳುತ್ತ ಬಂದ. “ಹೆಂಗಿದೆ ಸಾರ್? ಪ್ಯಾಕ್ ಮಾಡ್ಲಾ? ಮೇಡಂ ಏನಂತೀರಿ?”

ನೀನು ಹೇಳಿದ ಹಾಗೆ ಎಂದು ಗುರುವಾರ ಅವನೇ ಒಪ್ಪಿಕೊಂಡಿದ್ದ. ಬೇಡ ಅನ್ನಲಿ ಎಂದು ಅವನು ಕೈ ಮುಗಿಯುವುದೊಂದು ಬಾಕಿ. ಬೇಡ ಅಂದರೆ ಇಬ್ಬರೂ ಬರಿಗೈಯಲ್ಲಿ ಜೊತೆಯಾಗಿ ಮೆಟ್ಟಿಲಿಳಿಯಬಹುದು, ದಾರಿಯಲ್ಲಿ ಇನ್ನೂ ನಾಲ್ಕು ಮಾತಾಡಬಹುದು.

“ಚೆನ್ನಾಗಿದೆ. ತಗೊಳ್ಳಿ ರೀ” ಎಂದಳು ಅವಳು. ಚುಚ್ಚಿ ಹೇಳಿದ್ದಲ್ಲ, ನಿಜವಾದ ಕಾಳಜಿಯಿಂದಲೇ ಹೇಳಿದಳು. “ಸಂಜೆ ಹೊತ್ತು ನಿಮಗೆ ಬೇಜಾರಾಗುತ್ತೆ. ಒಬ್ಬರೇ ಇರ್ತೀರಿ.”

“ಸೂಪರ್ ಮೇಡಂ! ಒಂದು ಕಂಟ್ರೋಲರ್ ಪೆಟ್ಟಿಗೆಯಲ್ಲೇ ಬರುತ್ತೆ ಸಾರ್. ಇಬ್ಬರು ಆಡೋದಾದ್ರೆ ಇನ್ನೊಂದು ಬೇರೆ ತಗೋಬೇಕಾಗುತ್ತೆ. ಈ ವಾರ ಅದಕ್ಕೂ ಡಿಸ್ಕೌಂಟ್ ಇದೆ. ಎರಡು ಮಾಡ್ಲಾ?”

ಅವನು ಅವಳನ್ನು ನೋಡಿದ. ಅವಳು ಆಗಲೇ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಎದ್ದು ನಿಂತಿದ್ದಳು. ಅವನು ಎರಡು ಎಂದರೆ ಅವಳು ಬೇಡ ಅನ್ನುತ್ತಿರಲಿಲ್ಲ. ಸುಮ್ಮನೆ ನೋಡುತ್ತಿದ್ದಳು, ಎಲ್ಲ ಗೊತ್ತಿದ್ದೂ ಮೂರು ವರ್ಷ ನೋಡಿದ ಹಾಗೆ. ಆ ನೋಟ ಅವನಿಗೆ ಇವತ್ತು ಮೊದಲ ಸಲ ಅರ್ಥವಾಯಿತು.

“ಬೇಡ” ಎಂದ. “ಒಂದೇ ಸಾಕು.”

ಅವಳು ತಲೆಯಾಡಿಸಿದಳು. ಮದುವೆಯಾದ ಮೇಲೆ ಆಟದಲ್ಲಿ ಸೋಲದೆ ಅವಳ ಮಾತಿಗೆ ಅವನು ಒಪ್ಪಿದ್ದು ಅದೇ ಮೊದಲು. ಸೇಲ್ಸ್‌ಮನ್ ಬಿಲ್ ಬರೆಯಲು ಕೂತ.