ಹೊರಗೊಬ್ಬರು ಇರಬೇಕು

"ಇನ್ನೊಂದು ಕಾರು ಬಂತು" ಎಂದು ಬಾಗಿಲಲ್ಲಿ ನಿಂತಿದ್ದ ಹುಡುಗಿಯರು ಕೂಗಿದ್ದೇ ತಡ, ನೂರುನ್ನಿಸಾ ಪನ್ನೀರುದಾನಿ ಹಿಡಿದು ಮತ್ತೆ ಓಡಿದಳು. ಇದು ಮೂರನೆಯ ಸಲ. ಬೀಗರ ಮನೆಯವರು ಇದ್ದದ್ದೇ ನಾಲ್ಕು ಜನ, ಆ ನಾಲ್ಕು ಜನಕ್ಕೆ ಮೂರು ಕಾರು. ಮೊದಲನೆಯದರಿಂದ ಬೀಗತಿ ಮತ್ತು ಅವರ ಮಗಳು ಇಳಿದಾಗ ಅವಳು ಪನ್ನೀರನ್ನು ಧಾರಾಳವಾಗಿ ಚಿಮುಕಿಸಿದ್ದಳು. ಎರಡನೆಯದರಲ್ಲಿ ಮದುಮಗ ರಜಾ ಒಬ್ಬನೇ ಬಂದಾಗ ಅವನ ಕನ್ನಡಕವೆಲ್ಲ ಒದ್ದೆಯಾಗಿ, ಪಾಪ, ನಗುತ್ತ ಒರೆಸಿಕೊಂಡಿದ್ದ. ಈಗ ದಾನಿಯ ತಳ ಕಾಣುತ್ತಿತ್ತು. ಉಳಿದದ್ದೆಲ್ಲ ಬೀಗರಿಗೇ ಎಂದುಕೊಂಡು ಸೆರಗು ಸರಿಮಾಡಿಕೊಂಡು ನಿಂತಳು.

ಮೂರನೆಯ ಕಾರು ಮದುವೆಯ ಹಾಲಿನ ಮುಂದೆ ನಿಲ್ಲಲಿಲ್ಲ. ಪಾರ್ಕಿಂಗ್ ಲಾಟನ್ನು ಒಂದು ಸುತ್ತು ಹಾಕಿ, ತೀರಾ ಆಚೆ ಮೂಲೆಗೆ ಹೋಗಿ, ರಸ್ತೆಯ ಕಡೆಗೆ ಮುಖ ಮಾಡಿ ನಿಂತಿತು. ಯಾರೂ ಇಳಿಯಲಿಲ್ಲ. ಎಂಜಿನ್ ಆರಿಸಿದ ಹಾಗೂ ಕಾಣಲಿಲ್ಲ.

ಎವರ್‌ಗ್ರೀನ್ ಬಡಾವಣೆಯ ಸುತ್ತಲಿನ ಗುಡ್ಡಗಳು ಮಳೆಗಾಲ ಮುಗಿದು ಹಸಿರಾಗಿದ್ದವು. ಹಾಲಿನೊಳಗೆ ಮಕ್ಕಳು ಬಲೂನು ಹಿಡಿದು ಹಾರಾಡುತ್ತಿದ್ದರು, ಬಿರಿಯಾನಿಯ ಡೇಗಿನ ಮುಚ್ಚಳದ ಸುತ್ತ ಹಿಟ್ಟು ಮೆತ್ತಿತ್ತು, ಕಾಜಿ ಸಾಹೇಬರು ಆಗಲೇ ಬಂದು ಕೂತಿದ್ದರು. ನೂರುನ್ನಿಸಾಳ ಹೊಟ್ಟೆಗೆ ಬೆಳಗಿನಿಂದ ಒಂದು ತುತ್ತು ಬಿದ್ದಿರಲಿಲ್ಲ, ಹಸಿವೂ ಇರಲಿಲ್ಲ. ಇರುವವಳು ಒಬ್ಬಳೇ ಮಗಳು. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಲ್ಲಿ ಇಲಿಗಳ ರಕ್ತ ಪರೀಕ್ಷೆ ಮಾಡುತ್ತ ಮದುವೆಯೇ ಬೇಡ ಎನ್ನುತ್ತಿದ್ದ ತಹ್ರೀಮ್, ಅದೇ ಲ್ಯಾಬಿನ ರಜಾನನ್ನು ಒಂದು ದಿನ ಚಹಾಕ್ಕೆ ಕರೆತಂದು "ಅವ್ವಾ, ದಿಸ್ ಈಸ್ ಹಿಮ್" ಎಂದಿದ್ದಳು. ಹುಡುಗ ಶಿಯಾ, ಕ್ವೆಟ್ಟಾದ ಹಜಾರಾ ಮನೆತನ. ಇವರು ಗದಗಿನ ಕಡೆಯ ಸುನ್ನಿಗಳು. ನೂರುನ್ನಿಸಾಳ ಗಂಡ ಕಮರುದ್ದೀನ್ ಎರಡು ದಿನ ಗಡ್ಡ ಕೆರೆದುಕೊಂಡು ಓಡಾಡಿ, "ಹುಡುಗ ಸಿಗರೇಟ್ ಸೇದಂಗಿಲ್ಲಲ್ಲ, ಸಾಕ್ ಬಿಡು" ಎಂದು ಒಪ್ಪಿದ್ದ.

ಆದರೆ ಗಾದಿಯ ವಿಷಯದಲ್ಲಿ ಅವನು ಯಾರ ಮಾತೂ ಕೇಳುವವನಲ್ಲ. ಅವನ ಮನೆತನ ಪಿಂಜಾರರದು. ಅಪ್ಪ ಹತ್ತಿ ಹಿಂಜುವ ಬಿಲ್ಲು ಹೊತ್ತು ಊರೂರು ತಿರುಗಿದವನು. ಹೆಣ್ಣಿನ ಕಡೆಯವರು ಹೊಸ ಹತ್ತಿಯ ಗಾದಿ ಮಾಡಬೇಕು, ಅದರ ಮೇಲೆ ಮದುಮಗ ಮತ್ತು ಅವನ ಅಪ್ಪ ಪಕ್ಕಪಕ್ಕದಲ್ಲಿ ಕೂರಬೇಕು, ಬೀಗರಿಬ್ಬರು ಎದೆಗೆ ಎದೆ ಹಚ್ಚಬೇಕು, ಆಮೇಲೆ ನಿಕಾಹ್. ಅದು ಅವರ ಮನೆಯ ಪದ್ಧತಿ. ನೆಟ್‌ವರ್ಕ್ ಎಂಜಿನಿಯರ್ ಕಮರುದ್ದೀನ್ ಗ್ಯಾರೇಜಿನ ಬಾಗಿಲು ಹಾಕಿಕೊಂಡು ಕೋಲಿನಲ್ಲಿ ಹತ್ತಿ ಬಡಿದದ್ದೇ ಬಡಿದದ್ದು. ಎದುರುಮನೆಯ ಮೈಥಿಲಿ, ಮೈಸೂರಿನವಳು, ದಿಂಬು ಹರಿಯಿತೇ ಎಂದು ಕೇಳಲು ಬಂದವಳು ತಾನೂ ಒಂದು ಕೋಲು ಹಿಡಿದಳು. ಕೆಂಪು ಗವಸಿನ ಆ ಗಾದಿ ಈಗ ಹಾಲಿನ ನಡುವೆ ಉಬ್ಬಿ ಕೂತಿತ್ತು. ಒಂದು ಬದಿಯಲ್ಲಿ ರಜಾ ಕುಳಿತಲ್ಲಿ ತಗ್ಗಾಗಿತ್ತು. ಇನ್ನೊಂದು ಬದಿ ಉಬ್ಬಿದ್ದು ಉಬ್ಬಿದ ಹಾಗೆಯೇ ಇತ್ತು.

"ನೂರಕ್ಕಾ, ಕಾಜಿಯವ್ರು ವಾಚು ನೋಡ್ಕೋತಾ ಇದಾರೆ. ಅವ್ರಿಗೆ ಸಾಂಟಾ ಕ್ಲಾರಾದಲ್ಲಿ ಇನ್ನೊಂದು ಮದ್ವೆ ಅಂತೆ" ಎಂದು ಮೈಥಿಲಿ ಕಿವಿಯಲ್ಲಿ ಉಸುರಿದಳು.

ನೂರುನ್ನಿಸಾ ಮದುಮಗಳ ಕೋಣೆಗೆ ಹೋದಳು. ತಹ್ರೀಮ್ ಕನ್ನಡಿಯಿಂದ ಮುಖ ತಿರುಗಿಸದೆ, "ಟೆನ್ಶನ್ ತಗೋಬ್ಯಾಡ ಅವ್ವಾ. ಅಂಕಲ್‌ಗೆ ಕ್ರೌಡ್ ಆಗಂಗಿಲ್ಲ. ರಜಾ ಸೆಡ್ ಇಟ್ಸ್ ಎ ಫ್ಯಾಮಿಲಿ ಥಿಂಗ್" ಎಂದಳು. ಅವಳ ಕಣ್ಣು ಮಾತ್ರ ಕನ್ನಡಿಯಲ್ಲಿ ಅವ್ವನನ್ನೇ ಹುಡುಕುತ್ತಿತ್ತು. ಬೀಗತಿಯನ್ನು ಕೇಳೋಣವೆಂದರೆ ಅವರು ತಲೆ ತಗ್ಗಿಸಿ, "ಊಟದ ಹೊತ್ತಿಗೆ ಬರುತ್ತಾರೆ, ನೀವು ಶುರುಮಾಡಿ" ಎಂದು ಉರ್ದುವಿನಲ್ಲಿ ಹೇಳಿದರು. ನಿಶ್ಚಿತಾರ್ಥದ ದಿನವೂ ಹೀಗೇ. ಅವತ್ತು ಜ್ವರ ಎಂದಿದ್ದರು.

ಕಮರುದ್ದೀನ್ ಹೆಂಡತಿಯನ್ನು ಅಡಿಗೆಮನೆಯ ಮರೆಗೆ ಎಳೆದ.

"ನಾ ಹೇಳಿದ್ನಿಲ್ಲ? ಪಿಂಜಾರರ ಮನಿ ಅಂತ ಗೊತ್ತಾಗೈತಿ ಅವ್ರಿಗೆ. ಅದಕ್ಕ ಗಾದಿ ಮ್ಯಾಲ ಕುಂದರವಲ್ರು."

"ಹಂಗ್ಯಾಕ ಅಂತೀರಿ? ಮೈಯಾಗ ಆರಾಮಿಲ್ಲೇನೋ."

"ಆರಾಮಿಲ್ದವ್ರು ಫ್ರೀವೇ ಮ್ಯಾಲ ಕಾರ್ ಹೊಡ್ಕೊಂಡ್ ಬಂದಾರೇನ? ಎದಿಗೆ ಎದಿ ಹಚ್ಚದ ನಾ ಮಗಳ್ನ ಕೊಡಂಗಿಲ್ಲ. ಕಾಜಿಯವ್ರಿಗೆ ಹೇಳು, ಹೋಗ್ಲಿ ಅವ್ರು."

ಅವನು ಹೇಳಿದರೆ ಹೇಳಿದ ಹಾಗೆಯೇ. ಹೆಣ್ಣಿನ ಅಪ್ಪ ಹೂಂ ಎನ್ನದೆ ನಿಕಾಹ್ ಇಲ್ಲ. ನಿಶ್ಚಿತಾರ್ಥದ ದಿನ ಬೀಗತಿಯ ಮುಂದೆ ಗಾದಿಯ ಕತೆ, ಬಿಲ್ಲಿನ ಕತೆ ಎಲ್ಲ ಬಿಚ್ಚಿಟ್ಟವಳು ನೂರುನ್ನಿಸಾಳೇ. ತನ್ನ ಬಾಯಿಂದಲೇ ಮಗಳ ಮದುವೆ ಮುರಿಯಿತಲ್ಲ ಎಂದುಕೊಂಡಳು. ಶರಬತ್ತಿನ ಲೋಟ ಕೈಗೆತ್ತಿಕೊಂಡು, ಹೊಸ ಇಳಕಲ್ ಸೀರೆಯ ನಿರಿಗೆ ಎತ್ತಿ ಹಿಡಿದು ಅವಳು ಬಿರಬಿರನೆ ಪಾರ್ಕಿಂಗ್ ಲಾಟ್ ದಾಟಿದಳು. ದಾರಿಯುದ್ದಕ್ಕೂ ಉರ್ದುವಿನಲ್ಲಿ ಒಂದು ಒಳ್ಳೆಯ ವಾಕ್ಯ ಜೋಡಿಸಿಕೊಂಡಿದ್ದಳು. ಕಾರಿನ ಗಾಜು ಇಳಿದಾಗ ಬಾಯಿಗೆ ಬಂದದ್ದು ಕನ್ನಡ.

"ಯಾಕ್ರೀ, ನಮ್ಮ ಗಾದಿ ಮ್ಯಾಲ ಕುಂದರಾಕ ನಾಚಿಕಿ ಬರ್ತೈತೇನ್ರಿ?"

ರಜಾನ ಅಪ್ಪ ಮುಕರ್ರಮ್ ಅಲಿ ಬೆಪ್ಪಾಗಿ ನೋಡಿದರು. ತೆಳ್ಳನೆಯ ಮನುಷ್ಯ, ಬಿಳಿಯ ಕುರುಚಲು ಗಡ್ಡ. ಹೊಸ ಕೋಟು, ಕೋಟಿನ ಗುಂಡಿಯಲ್ಲಿ ಒಂದು ಗುಲಾಬಿ. ತೊಡೆಯ ಮೇಲೆ ಜರಿಕಾಗದ ಸುತ್ತಿದ ಡಬ್ಬಿ. ಅದನ್ನು ನೋಡಿದ್ದೇ ನೂರುನ್ನಿಸಾಳ ಸಿಟ್ಟಿಗೆ ಕಾಲಿಲ್ಲದಂತಾಯಿತು. ಮದುವೆಗೆ ಮನಸ್ಸಿಲ್ಲದವರು ಕೋಟಿಗೆ ಗುಲಾಬಿ ಸಿಕ್ಕಿಸಿಕೊಂಡು ಬರುವುದಿಲ್ಲ.

"ಬಹೆನ್, ಬಿಸಿಲಿದೆ. ಒಳಗೆ ಕುಳಿತುಕೊಳ್ಳಿ" ಎಂದು ಅವರು ಪಕ್ಕದ ಬಾಗಿಲು ತೆರೆದರು. ಅವಳು ಕೂತು ಅದೇ ಪ್ರಶ್ನೆಯನ್ನು ಉರ್ದುವಿನಲ್ಲಿ ಕೇಳಿದಳು. ಆಮೇಲಿನ ಮಾತೆಲ್ಲ ಉರ್ದುವಿನಲ್ಲೇ ನಡೆಯಿತು. ಅವಳದು ಗದಗಿನ ಉರ್ದು, ಅವರದು ಕ್ವೆಟ್ಟಾದ್ದು. ಅರ್ಥಕ್ಕೇನೂ ಕೊರತೆಯಾಗಲಿಲ್ಲ.

"ನೀವು ತಪ್ಪು ತಿಳಿಯುತ್ತೀರಿ ಎಂದು ಮಗನಿಗೆ ಹೇಳಿದ್ದೆ. ಅವನಿಗೆ ಹೇಳಿಕೊಳ್ಳಲು ಸಂಕೋಚ" ಎಂದರು ಮುಕರ್ರಮ್ ಅಲಿ. ಶರಬತ್ತಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು, ಕುಡಿಯಲಿಲ್ಲ. "ನಮ್ಮ ಬೀದಿಯ ಅಂಗಡಿಗಳ ಬಾಗಿಲಿಗೆ ಮೊದಲು ಚೀಟಿ ಅಂಟಿಸಿದರು. ನೀವು ಮುಸಲ್ಮಾನರೇ ಅಲ್ಲ, ಊರು ಬಿಡಿ ಎಂದು. ನಾವು ನಕ್ಕೆವು. ಅಜ್ಜನ ಕಾಲದಿಂದ ಅಲ್ಲೇ ಇದ್ದವರು. ಒಂದು ಶುಕ್ರವಾರ ಅಪ್ಪ, ತಮ್ಮಂದಿರಿಬ್ಬರು ನಮಾಜಿಗೆ ಮಸೀದಿಯೊಳಗೆ ಹೋದರು. ನಾನು ಮೋಟಾರ್ ಸೈಕಲ್ ನಿಲ್ಲಿಸಲು ಜಾಗ ಹುಡುಕುತ್ತಿದ್ದೆ."

ಅವರು ಲೋಟವನ್ನು ಮುಂದೆ ಡ್ಯಾಶ್‌ಬೋರ್ಡಿನ ಮೇಲಿಟ್ಟರು.

"ಮೊದಲ ಬಾಂಬಿನ ಸದ್ದಿಗೇ ಅಣ್ಣ ಅಂಗಡಿಯಿಂದ ಓಡಿ ಬಂದ. ನಾನು ಕೂಗಿದೆ, ಕೇಳಲಿಲ್ಲ, ಒಳಗೇ ಓಡಿದ. ಎರಡನೆಯ ಬಾಂಬು ಹಾಗೆ ಓಡಿ ಬರುವವರಿಗಾಗಿಯೇ ಇಟ್ಟದ್ದಂತೆ. ದಫನ್ ಮಾಡುವಾಗ ಇವನು ಇಂಥವನು ಎಂದು ಹೆಸರು ಹೇಳಲು ಮನೆಯ ಗಂಡಸರಲ್ಲಿ ನಾನೊಬ್ಬನೇ ಉಳಿದಿದ್ದೆ. ಅವತ್ತೇ ಅಮ್ಮ ಹೇಳಿಬಿಟ್ಟಳು. ಎಲ್ಲರೂ ಒಂದೇ ಸೂರಿನ ಕೆಳಗೆ ಹೋಗಬೇಡಿ, ಎಲ್ಲರೂ ಒಂದೇ ಕಾರಿನಲ್ಲಿ ಕೂರಬೇಡಿ. ಹೊರಗೊಬ್ಬರು ಇರಬೇಕು. ಏನೇ ಸದ್ದು ಕೇಳಿದರೂ ಅವರು ಒಳಗೆ ಓಡಬಾರದು."

"ಯಾರು ಭಾಯಿಸಾಬ್, ಅಂಥಾದ್ದು ಮಾಡಿದವ್ರು?"

"ಅವರೂ ನಮ್ಮ ಹಾಗೇ ಕಲ್ಮಾ ಓದಿಯೇ ಬಂದವರು" ಎಂದರು ಅವರು.

ನೂರುನ್ನಿಸಾಳಿಗೆ ತನ್ನೂರಿನ ಮೊಹರಮ್ಮು ನೆನಪಾಯಿತು. ಪಂಜಾ ಹೊತ್ತು ಬರುವಾಗ ಪಕ್ಕದ ಮನೆಯ ಗುರುಬಸವ್ವ ಎಲ್ಲರಿಗಿಂತ ಮುಂದೆ ನಿಂತು, ಮೊಮ್ಮಗನ ಕೆಮ್ಮು ವಾಸಿಯಾಗಲಿ ಎಂದು ಸಕ್ಕರೆ ಓದಿಸುತ್ತಿದ್ದಳು. ಶಿಯಾ ಯಾರು ಸುನ್ನಿ ಯಾರು ಎಂದು ಆ ಊರಿನಲ್ಲಿ ಕೇಳಿದವರೇ ಇರಲಿಲ್ಲ. ಇದನ್ನು ಹೇಳೋಣ ಎನಿಸಿತು, ಹೇಳಿ ಏನು ಸಮಾಧಾನ ಎಂದೂ ಎನಿಸಿತು.

"ಇಲ್ಲಿ ಹಾಗಿಲ್ಲ, ಗೊತ್ತು" ಎಂದರು ಮುಕರ್ರಮ್ ಅಲಿ. "ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ. ಮಗಳು ನಗುತ್ತಾಳೆ. ಆದರೆ ಕಾಲು ಕೇಳುವುದಿಲ್ಲ. ನಿಶ್ಚಿತಾರ್ಥದ ದಿನವೂ ನಾನು ನಿಮ್ಮ ಮನೆಯ ತಿರುವಿನಲ್ಲೇ ಇದ್ದೆ. ಇದೇ ಕಾರಿನಲ್ಲಿ. ನಿಮ್ಮ ಬಿರಿಯಾನಿಯ ವಾಸನೆ ಅಲ್ಲಿಯವರೆಗೂ ಬಂದಿತ್ತು."

ನೂರುನ್ನಿಸಾಳಿಗೆ ಅಳು ಬಂತು, ಅದರ ಹಿಂದೆಯೇ ನಗುವೂ ಬಂತು. ಬಾಗಿಲ ಬಳಿ ಮೈಥಿಲಿ ನಿಂತು ಎರಡೂ ಕೈ ಬೀಸಿ ಕರೆಯುತ್ತಿದ್ದಳು. ಕಾಜಿ ಸಾಹೇಬರು ಆಗಲೇ ಎದ್ದು ನಿಂತಿರಬೇಕು. ನೂರುನ್ನಿಸಾಳ ತಲೆಯಲ್ಲಿ ತಟ್ಟನೆ ಒಂದು ಯೋಚನೆ ಬಂತು. ಬಂದದ್ದನ್ನು ಅಳೆದು ಸುರಿದು ನೋಡುವ ಹೆಂಗಸಲ್ಲ ಅವಳು.

"ಹೊರಗ ಮನಿಯವ್ರೊಬ್ರು ಇರಬೇಕು, ಅಷ್ಟ ಹೌದಲ್ರಿ?"

"ಹೌದು."

"ನನ್ನ ಮಗಳು ನಿಮ್ಮ ಮನಿಗೆ ಬರಾಕತ್ತಾಳ. ಅಂದ್ಮ್ಯಾಲ ನಾನೂ ನಿಮ್ಮ ಮನಿಯಾಕಿನ. ನೀವು ಇಳೀರಿ. ಇಲ್ಲಿ ನಾ ಕುಂದರ್ತೀನಿ."

ಅವರು ಅವಳನ್ನೇ ನೋಡಿದರು. "ನಿಕಾಹ್ ಆಗುವಾಗ ತಾಯಿ ಮಗಳ ಪಕ್ಕದಲ್ಲಿ ಇರಬೇಡವೇ?"

ಈ ಪ್ರಶ್ನೆ ಅವಳಿಗೆ ನಾಟಿತು. ಮಗಳು ಕಬೂಲ್ ಎಂದು ಒಪ್ಪಿಗೆ ಹೇಳುವಾಗ ಅವಳ ಕೈ ಹಿಡಿದಿರಬೇಕು ಎಂಬುದು ಮಗಳು ಹುಟ್ಟಿದ ದಿನದಿಂದ ನೂರುನ್ನಿಸಾ ಇಟ್ಟುಕೊಂಡಿದ್ದ ಆಸೆ. ಆದರೆ ಇವರು ಇಳಿಯದಿದ್ದರೆ ಕಬೂಲ್ ಎನ್ನುವ ಮಾತೇ ಬರುವುದಿಲ್ಲ.

"ನೀವು ಇಳೀರಿ ಭಾಯಿಸಾಬ್."

"ಕಾರು ಓಡಿಸಲು ಬರುತ್ತದೆಯೇ?"

"ಗ್ರೋಸರಿ ತನಕ ಬರ್ತೈತಿ. ಫ್ರೀವೇ ಹತ್ತಿಲ್ಲ."

ಮುಕರ್ರಮ್ ಅಲಿಯ ಮುಖದಲ್ಲಿ ಮೊದಲ ಸಲ ನಗುವಿನಂಥದ್ದು ಕಾಣಿಸಿತು. ಅದು ಹೋದ ಮೇಲೆ ಮೆಲ್ಲಗೆ ಹೇಳಿದರು, "ಒಳಗೆ ಓಡಿ ಬರಬಾರದು. ಮಾತು ಕೊಡಬೇಕು."

"ಕೊಟ್ಟೀನಿ."

ಅವರು ಇಳಿದರು. ಕೋಟು ಕೊಡವಿಕೊಂಡರು, ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡರು, ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡಿದರು. ನೂರುನ್ನಿಸಾ ಅಷ್ಟರಲ್ಲಿ ಆ ಕಡೆಯಿಂದ ಬಂದು ಸ್ಟೀರಿಂಗಿನ ಹಿಂದೆ ಕೂತು ಸೀಟನ್ನು ಮುಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಕಾಲು ಬ್ರೇಕಿಗೆ ಎಟುಕುತ್ತಿರಲಿಲ್ಲ. ಅವಳು ಕೈಯಿಂದಲೇ ನಡೆಯಿರಿ, ನಡೆಯಿರಿ ಎಂದು ಸನ್ನೆ ಮಾಡಿದಳು.

ಪಕ್ಕದ ಕನ್ನಡಿಯಲ್ಲಿ ಎಲ್ಲವೂ ಸಣ್ಣದಾಗಿ ಕಂಡಿತು. ಕಮರುದ್ದೀನ್ ಬಾಗಿಲಿಗೆ ಬಂದ. ಸಿಡುಕು ಮುಖ ಮಾಡಿಕೊಂಡೇ ಬಂದವನು ಆ ಮನುಷ್ಯನನ್ನು ಹತ್ತಿರದಿಂದ ನೋಡಿ ಏನು ಕಂಡನೋ, ತಾನೇ ಮುಂದೆ ಬಂದು ಎದೆಗೆ ಎದೆ ಹಚ್ಚಿದ. ಒಂದು ಸಲ, ಆ ಕಡೆಗೆ ಇನ್ನೊಂದು ಸಲ, ಮತ್ತೊಂದು ಸಲ. ಸದ್ಯ, ಎಂದಳು ನೂರುನ್ನಿಸಾ ಕಾರಿನೊಳಗೆ. ಎಲ್ಲರೂ ಒಳಗೆ ಹೋದರು, ಬಾಗಿಲು ಮುಚ್ಚಿತು.

ಫೋನು ಬಡಿದುಕೊಂಡಿತು.

"ನೂರಕ್ಕಾ, ಎಲ್ಲಿದೀರಾ? ಶುರು ಮಾಡ್ತಿದಾರೆ, ತಹ್ರೀಮ್ ನಿಮ್ಮನ್ನೇ ಕೇಳ್ತಿದಾಳೆ."

"ನಾ ಇಲ್ಲೇ ಕಾರಿನಾಗ ಅದೀನಿ. ಆಮ್ಯಾಲ ಹೇಳ್ತೀನಿ. ನೀ ಆಕಿ ಕೈ ಹಿಡ್ಕೋ ಮೈಥಿಲಿ, ಗಟ್ಟ್ಯಾಗಿ ಹಿಡ್ಕೋ. ಫೋನ್ ಆಕಿ ಮುಂದ ಇಡು."

ಬಳೆಗಳ ಸದ್ದು, ಯಾರದೋ ಕೆಮ್ಮು, ಕಾಜಿ ಸಾಹೇಬರ ಗಂಭೀರ ದನಿ. ನೂರುನ್ನಿಸಾ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಕಣ್ಣನ್ನು ಮಾತ್ರ ರಸ್ತೆಯ ಮೇಲೆ ಇಟ್ಟಿದ್ದಳು. ಒಂದು ಬಿಳಿ ವ್ಯಾನು ನಿಧಾನವಾಗಿ ಲಾಟಿನೊಳಗೆ ತಿರುಗಿದಾಗ ಅವಳ ಬೆನ್ನು ತಾನಾಗಿ ನೆಟ್ಟಗಾಯಿತು. ಮೊಸರಿನ ಡಬ್ಬಗಳನ್ನು ತಂದ ಕೇಟರಿಂಗಿನವನು. ಅವನು ಇಳಿದು ಹಿಂಬಾಗಿಲು ತೆಗೆಯುವವರೆಗೂ ಅವಳು ಅವನನ್ನು ನೋಡಿದಳು. ಹಾಗೆ ನೋಡಿದ್ದಕ್ಕೆ ನಾಚಿಕೆಯಾಯಿತು. ಅಷ್ಟು ವರ್ಷ ಹೀಗೆ ನೋಡುತ್ತ ಕುಳಿತ ಆ ಮನುಷ್ಯ ಹೇಗೆ ನಿದ್ದೆ ಮಾಡಿದ್ದಾನು ಎಂದೂ ಅನಿಸಿತು.

"ಕಬೂಲ್" ಎಂದಳು ತಹ್ರೀಮ್, ಫೋನಿನಲ್ಲಿ. ಸಣ್ಣ ದನಿ. ಎರಡನೆಯ ಸಲ ಸ್ವಲ್ಪ ಗಟ್ಟಿ. ಮೂರನೆಯ ಸಲ ಅವಳು ಅಳುತ್ತಿದ್ದಳು.

ಆಮೇಲೆ ರಜಾನ ಕಬೂಲ್ ಬಂತು, ಮುಬಾರಕ್ ಎಂದು ಹತ್ತಾರು ದನಿ ಒಟ್ಟಿಗೆ ಎದ್ದವು. ಅದೇ ಹೊತ್ತಿಗೆ ಹಾಲಿನ ಕಡೆಯಿಂದ ಢಂ ಎಂದಿತು. ಅದರ ಹಿಂದೆಯೇ ಇನ್ನೊಂದು. ಫೋನು ಕಟ್ಟಾಯಿತು.

ನೂರುನ್ನಿಸಾಳ ಕೈ ಬಾಗಿಲು ತೆರೆದಿತ್ತು, ಒಂದು ಕಾಲು ಆಗಲೇ ನೆಲದ ಮೇಲಿತ್ತು. ಬಲೂನು ಎಂದು ಮನಸ್ಸು ಹೇಳುತ್ತಿತ್ತು. ಮಕ್ಕಳು ಬಲೂನು ಒಡೆದರು, ಅಷ್ಟೇ. ಕಾಲು ಕೇಳಲಿಲ್ಲ, ಹಾಲಿನ ಕಡೆಗೇ ಎಳೆಯಿತು. ಒಳಗೆ ಮಗಳಿದ್ದಳು, ಗಂಡನಿದ್ದ. ಒಳಗೆ ಓಡಬಾರದು ಎಂಬ ಮಾತು ಕೇಳುವಾಗ ಎಷ್ಟು ಸುಲಭವಾಗಿತ್ತು. ಅವಳು ತೆರೆದ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು, ಕಾಲನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕಿಕೊಂಡಳು. ಹಾಲಿನ ಗೋಡೆಯಾಚೆಯಿಂದ ಮಕ್ಕಳ ಕೇಕೆ, ಯಾರೋ ಗದರಿದ್ದು, ಮತ್ತೆ ನಗು ತೇಲಿ ಬಂದವು.

ಫೋನು ಮಿಣುಕಿತು. ಮೈಥಿಲಿ ಫೋಟೋ ಕಳಿಸಿದ್ದಳು. ಕೆಂಪು ಗಾದಿಯ ಮೇಲೆ ಅಪ್ಪ ಮಗ ಪಕ್ಕಪಕ್ಕದಲ್ಲಿ ಕುಳಿತಿದ್ದರು. ರಜಾ ಕನ್ನಡಕ ತೆಗೆದು ಕಣ್ಣು ಒರೆಸುತ್ತಿದ್ದ. ಅಪ್ಪ ನೆಟ್ಟಗೆ ಬಾಗಿಲ ಕಡೆಗೆ ನೋಡುತ್ತಿದ್ದರು, ಒಂದು ಕೈ ಮಗನ ಮಂಡಿಯ ಮೇಲಿತ್ತು. ನೂರುನ್ನಿಸಾ ಚಿತ್ರವನ್ನು ಬೆರಳಿನಲ್ಲಿ ಹಿಗ್ಗಿಸಿ ನೋಡಿದಳು. ಹೊಸ ಹತ್ತಿ ಎರಡೂ ಬದಿಯಲ್ಲಿ ತಗ್ಗಿತ್ತು.

ಅವಳು ಫೋನನ್ನು ಮಡಿಲಲ್ಲಿಟ್ಟು, ಎರಡೂ ಕೈಯನ್ನು ಸ್ಟೀರಿಂಗಿನ ಮೇಲಿಟ್ಟು, ಎಂಜಿನ್ ಆರಿಸದೆ ರಸ್ತೆಯನ್ನು ನೋಡುತ್ತ ಕುಳಿತಳು.