ಟೈಸ್ಟೊನ ಉದ್ದ ಸ್ಟಡ್ಡುಗಳು

ಚಕ್ರದ ಕೆಲಸ ನಾನೇ ಮಾಡುತ್ತೇನೆ, ಇಲ್ಲದಿದ್ದರೆ ಭಾನುವಾರ ನೀನು ರೇಸಿಗೆ ಇಳಿಯುವುದೇ ಬೇಡ ಎಂದು ಐರಾ ತಮ್ಮ ಟೈಸ್ಟೊನಿಗೆ ಕಡ್ಡಿ ಮುರಿದಂತೆ ಹೇಳಿದ್ದಳು. ಹೋದ ಬೇಸಿಗೆಯಲ್ಲಿ ಲಪುವಾ ಊರಿನ ಹತ್ತಿರದ ಜಲ್ಲಿ ಟ್ರ್ಯಾಕಿನಲ್ಲಿ ಅವನ ಕಾರಿನ ಮುಂಚಕ್ರ ಕಳಚಿ ಹಾರಿತ್ತು. ಕಾರು ಮೂರು ಪಲ್ಟಿ ಹೊಡೆದು ಅವನ ಭುಜದ ಮೂಳೆ ಮುರಿದಿತ್ತು. ಚಕ್ರ ಹಿಡಿದಿಡುವ ಬೋಲ್ಟು, ಅಂದರೆ ಸ್ಟಡ್ಡು, ಅಂಗಡಿಯವನು ಕಳಪೆಯದು ಕೊಟ್ಟ ಎಂದು ಅವನು ವರ್ಷವಿಡೀ ಬೈಯುತ್ತಿದ್ದ. ಐರಾ ನಂಬಿದ್ದಳು, ಆದರೂ ಭಯ ಹೋಗಿರಲಿಲ್ಲ.

ಹಲ್ಲಿನ ಡಾಕ್ಟರ ಬಳಿ ಮೂವತ್ತು ವರ್ಷ ದುಡಿದವಳು. ತೂತು ಕಂಡರೆ ಇಣುಕದೆ ಬಿಡುವವಳಲ್ಲ. ಚಕ್ರ ಕೂರುವ ಹಬ್ಬಿನ ತೂತಿಗೆ ಹಿಂದಿನಿಂದ ಸ್ಟಡ್ ತೂರಿಸಿ, ಮುಂದೆ ನಟ್ ಬಿಗಿದು ಎಳೆದರೆ, ಸ್ಟಡ್ಡಿನ ತಲೆ ಬಂದು ಹಬ್ಬಿಗೆ ಅಂಟಿ ಕೂರಬೇಕು. ಇಷ್ಟು ಅವಳಿಗೆ ಗೊತ್ತಿತ್ತು. ಆದರೆ ರೇಸಿನ ಸ್ಟಡ್ಡು ಬೆರಳುದ್ದ. ನಟ್ ತಿರುಗಿಸುವ ಮಾಮೂಲಿ ಸಾಕೆಟ್ ಹಾಕಿದರೆ ಸ್ಟಡ್ಡಿನ ತುದಿ ಅದರ ತಳಕ್ಕೆ ಬಡಿದು, ಸಾಕೆಟ್ಟು ನಟ್ಟನ್ನು ಮುಟ್ಟಲೇ ಇಲ್ಲ.

"ಇದೇನೋ, ಮಗುವಿನ ಟೋಪಿ ಹಾಕ್ಕೊಂಡ ಹಾಗಿದೆ!" ಎಂದು ನಕ್ಕಳು.

"ಆಳ ಇರೋದು ತಗೋ ಅಕ್ಕ, ಕೆಂಪು ಡಬ್ಬೀಲಿದೆ."

"ನಟ್ಟಿನಡಿ ವಾಷರ್ ಯಾಕೆ ನಾಲ್ಕು? ಗ್ರೀಸ್ ಯಾಕೆ?"

"ನಟ್ಟು ಹಬ್ಬನ್ನ ಕೆರೀಬಾರ್ದು, ಅದಕ್ಕೆ. ಪೊಲೀಸಮ್ಮ, ಇನ್ನೇನಾದ್ರೂ ಕೇಳೋದಿದೆಯಾ?"

ಅವಳು ಉದ್ದ ಹಿಡಿಯ ಪಾನಾ ಹಿಡಿದು ಎಳೆದಳು. ಮೊದಲು ಹಗುರ, ಆಮೇಲೆ ಬಿಗಿ, ಆಮೇಲೆ ಒಂದಿಷ್ಟೂ ಅಲುಗದೆ ನಿಂತಿತು. "ಕೂತ್ಕೊಂಡ್ತು ಕಣೋ! ಕೈಗೇ ಗೊತ್ತಾಯ್ತು!" ಅವಳ ಖುಷಿಗೆ ಪಾರವಿರಲಿಲ್ಲ.

"ಹೀಗೆ ಎಳೀತಾ ಕೂತ್ರೆ ಸ್ನಾನಕ್ಕೆ ಕಾಯಿಸಿಟ್ಟ ಸೌನಾ ಆರಿ ತಣ್ಣಗಾಗುತ್ತೆ," ಎಂದು ಟೈಸ್ಟೊ ನಟ್ ಬಿಗಿಯುವ ಗಾಳಿ ಗನ್ನು ಎತ್ತಿಕೊಂಡ. ಬರ್‍ರ್ ಎಂದಿತು. "ನೋಡು, ಎರಡನೇದೂ ಆಯ್ತು."

"ಕೂತಿದೆ ಅಂತ ಹೇಗೆ ಗೊತ್ತು?"

"ಸದ್ದು ಬದಲಾಗುತ್ತೆ. ಅದಕ್ಕೆ ಕಿವಿ ಬೇಕು."

ಐರಾ ಕೈಚೀಲದಿಂದ ಹಲ್ಲು ನೋಡುವ ಪುಟ್ಟ ಕನ್ನಡಿ ತೆಗೆದು, ಹಬ್ಬಿನ ಹಿಂದೆ ಟಾರ್ಚ್ ಬಿಟ್ಟು ನೋಡಿದಳು. ಕಾಫಿ ಪೊಟ್ಟಣದ ತುಂಡೊಂದನ್ನು ಹರಿದು ಸಂದಿಗೆ ತುರುಕಿದಳು. ತನ್ನ ಸ್ಟಡ್ಡಿನ ತಲೆಯಡಿ ಅದು ಹೋಗಲಿಲ್ಲ. ತಮ್ಮನದರಡಿ ಸಲೀಸಾಗಿ ಹೋಯಿತು. ಪಾನಾ ಹಾಕಿ ಎಳೆದರೆ ಅವನು ಬಿಗಿದ ನಟ್ಟು ಇನ್ನೂ ಅರ್ಧ ಸುತ್ತು ತಿರುಗಿತು.

"ಹೀಗೇ ಬಿಟ್ಟಿದ್ರೆ ಏನಾಗ್ತಿತ್ತು?" ಅವಳು ನಿಜಕ್ಕೂ ತಿಳಿಯಲೆಂದೇ ಕೇಳಿದ್ದಳು.

"ಕಾರು ಓಡ್ತಾ ಓಡ್ತಾ ಸ್ಟಡ್ಡಿನ ತಲೆ ಒಳಗೆ ಹೋಗುತ್ತೆ. ನಟ್ಟು ಸಡಿಲ ಆಗುತ್ತೆ."

"ಆಮೇಲೆ?"

ಟೈಸ್ಟೊ ಗನ್ನನ್ನೇ ನೋಡುತ್ತಿದ್ದ. "ಹೋದ ವರ್ಷಾನೂ ಇದ್ರಲ್ಲೇ ಬಿಗಿದಿದ್ದೆ, ಸದ್ದು ಬದಲಾಗಿತ್ತು ಅಕ್ಕ," ಎಂದ. "ಅಂಗಡಿಯವನದ್ದೇನೂ ತಪ್ಪಿರ್ಲಿಲ್ಲ. ಆಸ್ಪತ್ರೇಲಿ ಮಲಗಿದ್ದಾಗ್ಲೇ ಗೊತ್ತಾಗಿತ್ತು ನಂಗೆ."

ಐರಾಳ ಮೈಯೆಲ್ಲ ಉರಿದುಹೋಯಿತು. "ವರ್ಷವಿಡೀ ನನ್ನ ಕಿವಿ ಮೇಲೆ ಹೂವಿಟ್ಯಲ್ಲೋ! ಆ ಪಾಪದವನು ಎದುರು ಬಂದಾಗೆಲ್ಲ ಮುಖ ತಿರುಗಿಸ್ಕೊಂಡು ಹೋಗಿದೀನಿ ನಾನು!"

"ನೀನು ಓಡಿಸ್ಬೇಡ ಅಂತೀಯೇನೋ ಅಂತ ಹೆದರಿಕೆಯಾಯ್ತು. ಈಗ್ಲೂ ಅಂತೀಯಾ?"

ಅನ್ನಬೇಕೆಂದೇ ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಅವನು ಗನ್ನಿನ ಗಾಳಿ ಕೊಳವೆಯನ್ನು ತಾನಾಗಿಯೇ ಕಳಚಿ ನೆಲಕ್ಕೆ ಹಾಕುತ್ತಿದ್ದ.

"ಇನ್ನೂ ಹದಿನಾಲ್ಕಿವೆ," ಎಂದು ಪಾನಾ ಅವನ ಕೈಗಿಟ್ಟಳು. "ನಾಳೆ ಬೆಳಿಗ್ಗೆ ಮೊದಲು ಆ ಅಂಗಡಿಗೆ ಹೋಗಿ ತಪ್ಪಾಯ್ತು ಅಂತ ಹೇಳಿ ಬರ್ತೀಯ. ಭಾನುವಾರದ ಮಾತು ಆಮೇಲೆ."

ಅವನು ಉಸಿರು ಬಿಗಿಹಿಡಿದು ಮೂರನೆಯದನ್ನು ಎಳೆದ. ಪಾನಾ ನಿಂತಿತು. ಆಯ್ತು ಎನ್ನಲಿಲ್ಲ, ಪಕ್ಕಕ್ಕೆ ಸರಿದು ಅವಳಿಗೆ ಜಾಗ ಬಿಟ್ಟ.

"ಕೂತಿದೆಯಾ ನೋಡು ಅಕ್ಕ," ಎಂದ.